ಗುಡ್ಡದ ಮೇಲಿನ ಬೆಂಕಿರೇಖೆ

ಫಾಲ್ಗುಣದ ಬಿಸಿಲಿನಲ್ಲಿ ಮುಳ್ಳಯ್ಯನಗಿರಿಯನ್ನೇರಿದ ವಾಚಕರು, ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲನ್ನೂ ಕಣಿವೆಗಳ ಮಡಿಲಿನಲ್ಲಿ ಕಪ್ಪುಹಸಿರಾಗಿ ನಿಂತ ಶೋಲಾ ಕಾಡನ್ನೂ ಕಂಡಿರಬಹುದು. ಬೆಳೆಗಾರನು ಕಾಫಿಯನ್ನರಳಿಸುವ ಹೂಮಳೆಗಾಗಿ ಆಕಾಶವನ್ನು ನೋಡುವ ಕಾಲವದು. ಕಾಡುಕಿಚ್ಚಿನ ಕಾಲವೂ ಅದೇ.

ಅಗ್ನಿಶಾಮಕ ದಳದ ಶಾಸನವು 1964ರಲ್ಲಿ, ನಮ್ಮ ರಾಜ್ಯಕ್ಕಿನ್ನೂ ಮೈಸೂರೆಂಬ ಹೆಸರಿದ್ದಾಗಲೇ, ರಚಿತವಾಯಿತು. ಈಗ ಚಿಕ್ಕಮಗಳೂರು, ಮೂಡಿಗೆರೆಗಳಲ್ಲಿ ಠಾಣೆಗಳಿವೆ. ಆದರೆ ಸಾವಿರಾರು ಲೀಟರು ನೀರು ಹೊತ್ತ ವಾಹನಕ್ಕೆ ರಸ್ತೆ ಬೇಕು, ಬೆಂಕಿಗೆ ಬೇಡ. ಆದುದರಿಂದ ಕಳಸದ ಸುತ್ತಲಿನಂಥ ಗುಡ್ಡಗಾಡಿನಲ್ಲಿ ಠಾಣೆಯ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಹುಲ್ಲಿನ ನಡುವೆ ಸವರಿದ ಒಂದು ಬೋಳು ಪಟ್ಟಿ. ಅದೇ ಬೆಂಕಿರೇಖೆ.

ಬೆಂಕಿಯು ಗುಡ್ಡವನ್ನಿಳಿಯುವುದಕ್ಕಿಂತ ಬಹು ವೇಗವಾಗಿ ಏರುತ್ತದೆ. ಏಕೆ? ಏರಿನಲ್ಲಿ ಜ್ವಾಲೆಯು ಮೇಲಿನ ಹುಲ್ಲಿಗೆ ಸಮೀಪವಾಗುತ್ತದೆ. ಅದರ ಶಾಖವೂ ಬಿಸಿಗಾಳಿಯೂ ಆ ಹುಲ್ಲಿನ ತೇವವನ್ನು ಮೊದಲೇ ಹೀರಿಬಿಡುತ್ತವೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ವೇಗವು ಸುಮಾರು ಇಮ್ಮಡಿಯಾಗುವುದೆಂದು ಸ್ಥೂಲವಾದ ಲೆಕ್ಕವುಂಟು. ಓಡಿ ಗುಡ್ಡವೇರುವವನು ಬೆಂಕಿಯೊಡನೆ ಪಂದ್ಯ ಕಟ್ಟಿದಂತೆಯೇ ಸರಿ!

ಉರಿಯಲು ಉರುವಲು, ಶಾಖ, ಆಮ್ಲಜನಕ ಮೂರೂ ಬೇಕು. ಬಯಲ ಗಾಳಿಯನ್ನು ತಡೆಯಲಾಗದು, ಉರುವಲನ್ನು ತೆಗೆಯಬಹುದು. ಬೇಸಗೆಗೆ ಮುನ್ನವೇ, ಇಬ್ಬನಿಯ ತೇವವಿರುವಾಗ, ಪಟ್ಟಿಯ ಹುಲ್ಲನ್ನು ಸವರಿ ಕಾವಲಿನಲ್ಲಿ ಸುಡುತ್ತಾರೆ. ಕಿಚ್ಚು ಅಲ್ಲಿಗೆ ಬಂದು ಉಣಿಸಿಲ್ಲದೆ ನಿಲ್ಲುತ್ತದೆ. ಗಾಳಿ ಬಲವಾದರೆ ಕಿಡಿ ಹಾರಿ ರೇಖೆಯನ್ನು ದಾಟುವುದೂ ಉಂಟು. ಆಗ ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿಯಬೇಕು. ಇಲ್ಲವೇ ಎದುರಿನಿಂದ ಬೆಂಕಿ ಕೊಟ್ಟು ಕಿಚ್ಚಿನ ದಾರಿಯಲ್ಲಿರುವ ಹುಲ್ಲನ್ನು ಮೊದಲೇ ಸುಡಬೇಕು. ಈ ಎದುರುಬೆಂಕಿ ನುರಿತವರ ಕೆಲಸ. ಗಾಳಿ ತಿರುಗಿದರೆ ಹಚ್ಚಿದವರನ್ನೇ ಸುತ್ತುವರಿಯುತ್ತದೆ.

ಈಚೆಗೆ ಉಪಗ್ರಹಗಳೂ ಕಾವಲಿಗೆ ನಿಂತಿವೆ. ಭೂಮಿ ಸೂಸುವ ಅವಕೆಂಪು ಕಿರಣಗಳಿಂದ ಅವು ಬೆಂಕಿಯನ್ನು ಗುರುತಿಸುತ್ತವೆ. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಸುದ್ದಿಯನ್ನು ಕಳುಹಿಸುತ್ತದೆ. ಸುದ್ದಿ ಬಂದ ಮೇಲೆ ಗುಡ್ಡವನ್ನು ಹತ್ತುವುದು ಮಾತ್ರ ಮನುಷ್ಯರೇ. 2023ರ ಫೆಬ್ರವರಿಯಲ್ಲಿ, ನೆರೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಬಳಿ, ಕಿಚ್ಚನ್ನು ನಂದಿಸಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ಪ್ರಾಣ ತೆತ್ತರು.

ಹುಲ್ಲಿನ ಬೇರು ನೆಲದೊಳಗೆ ಬದುಕಿದ್ದು ಮಳೆ ಬಿದ್ದೊಡನೆ ಚಿಗುರುತ್ತದೆ. ಶೋಲೆಯ ಅಂಚಿನ ಎಳೆಯ ಸಸಿಗಳಿಗೆ ಆ ಭಾಗ್ಯವಿಲ್ಲ. ವರ್ಷವರ್ಷವೂ ಬೆಂಕಿ ಬಿದ್ದರೆ ಕಾಡು ಅಂಚಿನಿಂದ ಒಳಕ್ಕೆ ಸರಿಯುತ್ತದೆ. ಮುಂಗಾರಿನ ನೀರನ್ನು ಇಂಗಿಸಿಕೊಂಡು ಬೇಸಗೆಯಲ್ಲಿ ಮೆಲ್ಲಗೆ ಬಿಡುವುದು ಇಂಥ ಕಾಡು-ಹುಲ್ಲುಗಾವಲುಗಳ ಮಣ್ಣೇ. ಗಂಗಾಮೂಲದಲ್ಲಿ ಹುಟ್ಟಿ ಕಳಸವನ್ನು ಹಾದುಹೋಗುವ ಭದ್ರೆಯೂ, ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿಯೂ ಹೊರಡುವುದು ಈ ಗುಡ್ಡಗಳಿಂದಲೇ.