ಮಗುವಿನ ಕನ್ನಡ ಯಾವ ವಲಯದಲ್ಲಿದೆ?

ಇವತ್ತಿನ ಮಾತು ಒಂದು ಪದದ ಬಗ್ಗೆ. ಇಂಗ್ಲಿಷಿನಲ್ಲಿ ಝೋನ್, ಕನ್ನಡದಲ್ಲಿ ವಲಯ. ಐಟಿಯಲ್ಲಿರೋ ನಮಗೆ ಇದು ದಿನಾ ಕಿವಿಗೆ ಬೀಳೋ ಪದ. ಟೈಮ್ ಝೋನ್ ನೋಡಿ ಮೀಟಿಂಗ್ ಇಡ್ತೀವಿ, ಕ್ಲೌಡ್‌ನಲ್ಲಿ ಅವೈಲಬಿಲಿಟಿ ಝೋನ್ ಆರಿಸ್ತೀವಿ, ಮ್ಯಾನೇಜರ್ ಬಂದು ಕಂಫರ್ಟ್ ಝೋನ್‌ನಿಂದ ಹೊರಗೆ ಬನ್ನಿ ಅಂತಾರೆ. ಇದೇ ಪದ ಹಿಡಿದುಕೊಂಡು ವಿಜ್ಞಾನ, ಸಂಸ್ಕೃತಿ, ಕಲೆ, ಕಲಿಕೆ ನಾಲ್ಕನ್ನೂ ಸುತ್ತಿ ಬರೋಣ. ಕೊನೆಗೆ ನಮ್ಮಲ್ಲಿ ಅನೇಕರ ಮನೆಯ ಪ್ರಶ್ನೆಗೆ ಬರೋಣ: ಮಗುವಿಗೆ ಕನ್ನಡ ಅರ್ಥ ಆಗತ್ತೆ, ಆದರೆ ಉತ್ತರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರತ್ತೆ. ಇದಕ್ಕೆ ಏನು ಮಾಡೋದು?

ಗೆರೆಗೆ ಅಗಲ ಇಲ್ಲ

ಗ್ರೀಕ್ ಭಾಷೆಯಲ್ಲಿ ಝೋನೆ ಅಂದರೆ ಸೊಂಟಕ್ಕೆ ಕಟ್ಟೋ ನಡುಪಟ್ಟಿ. ಸಂಸ್ಕೃತದಲ್ಲಿ ವಲಯ ಅಂದರೆ ಬಳೆ, ಕಡಗ. ಎರಡೂ ಮೈಮೇಲೆ ಸುತ್ತಿಕೊಳ್ಳೋ ವಸ್ತುಗಳು, ಎರಡಕ್ಕೂ ಅಗಲ ಇದೆ. ಗೆರೆ ಎಳೆದರೆ ನೀವು ಈಚೆ ಇರಬೇಕು, ಇಲ್ಲಾ ಆಚೆ ಇರಬೇಕು. ವಲಯದಲ್ಲಾದರೆ ನಡುವೆ ನಿಲ್ಲೋಕೆ ಜಾಗ ಇರತ್ತೆ. ಇಷ್ಟು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ವಿಜ್ಞಾನದಲ್ಲಿ

ಹಿಂದಿನ ಗ್ರೀಕರು ಭೂಮಿಯನ್ನು ಉಷ್ಣವಲಯ, ಸಮಶೀತೋಷ್ಣ ವಲಯ, ಶೀತವಲಯ ಅಂತ ಪಟ್ಟಿಪಟ್ಟಿಯಾಗಿ ಭಾಗ ಮಾಡಿದ್ದರು. ಉಷ್ಣವಲಯದಲ್ಲಿ ಸೆಕೆಗೆ ಮನುಷ್ಯರು ಬದುಕೋಕೇ ಆಗಲ್ಲ ಅಂತ ಅರಿಸ್ಟಾಟಲ್ ಬರೆದ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ಇಡೀ ಕರ್ನಾಟಕ ಇರೋದು ಅದೇ ವಲಯದಲ್ಲಿ! ದೂರ ಕೂತು ಎಳೆದ ನಕ್ಷೆ ಹೀಗೂ ತಪ್ಪಬಹುದು.

ಇವತ್ತಿನ ಖಗೋಳ ವಿಜ್ಞಾನಿಗಳು ವಾಸಯೋಗ್ಯ ವಲಯದ ಮಾತಾಡ್ತಾರೆ. ನಕ್ಷತ್ರದಿಂದ ಯಾವ ದೂರದಲ್ಲಿದ್ದರೆ ಗ್ರಹದ ಮೇಲೆ ನೀರು ಆವಿಯೂ ಆಗದೆ, ಹೆಪ್ಪೂ ಗಟ್ಟದೆ ನೀರಾಗೇ ಇರಬಲ್ಲದೋ ಆ ಪಟ್ಟಿ ಅದು. ಇಲ್ಲಿ ಒಂದು ಸೂಕ್ಷ್ಮ ಇದೆ. ಸೂರ್ಯನಿಂದ ಭೂಮಿ ಎಷ್ಟು ದೂರವೋ ಚಂದ್ರನೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ಅಲ್ಲಿ ಕೆರೆ ಇಲ್ಲ, ಸಮುದ್ರ ಇಲ್ಲ. ಯಾಕೆ? ಮೇಲೆ ಹೊದಿಕೆಯಾಗೋ ವಾತಾವರಣ ಇಲ್ಲ. ಸರಿಯಾದ ವಲಯದಲ್ಲಿ ಇದ್ದ ಮಾತ್ರಕ್ಕೆ ಸಾಲದು, ಕಾಪಾಡೋ ಗಾಳಿಯೂ ಬೇಕು.

ಸಂಸ್ಕೃತಿಯಲ್ಲಿ, ಕಲೆಯಲ್ಲಿ

ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಅಂತ ಹೇಳಿದ್ದು ನಮಗೆಲ್ಲ ಗೊತ್ತು. ಅದೇ ಗ್ರಂಥ ಆ ನಾಡಿನೊಳಗೆ ಕನ್ನಡದ ತಿರುಳು ಅನ್ನೋ ಚಿಕ್ಕ ಪ್ರದೇಶವನ್ನೂ ಗುರುತಿಸತ್ತೆ. ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡು ಅದು. ಇವತ್ತಿನ ಹೆಸರಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸುತ್ತಮುತ್ತ. ಅಂದರೆ ಒಂದು ತಿರುಳು, ಅದರ ಸುತ್ತ ಹರಡಿದ ಅಗಲ. ಆ ಅಗಲದಲ್ಲಿ ಬೇರೆ ಭಾಷೆಗಳೂ ಕನ್ನಡದ ಜೊತೆ ಕೂತಿರ್ತವೆ. ಇವತ್ತಿಗೂ ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆ ಹೋದರೆ ಅಂಗಡಿಯವರು ಒಬ್ಬರ ಹತ್ತಿರ ಮರಾಠಿ, ಇನ್ನೊಬ್ಬರ ಹತ್ತಿರ ಕನ್ನಡ ಮಾತಾಡೋದು ಕಾಣತ್ತೆ.

ಸಂಗೀತದಲ್ಲಿ ಇಂಥ ಅಗಲದ ಜಾಗ ಅಂದರೆ ಧಾರವಾಡ ಸೀಮೆ. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಹಿಂದೂಸ್ತಾನಿ ಕಲಿತರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಗುರುವಿನ ಹೆಸರಲ್ಲಿ ಸಂಗೀತೋತ್ಸವ ಶುರುಮಾಡಿದರು. ಪುಣೆಯಲ್ಲಿರೋರು ಡಿಸೆಂಬರ್‌ನಲ್ಲಿ ಸವಾಯಿಗೆ ಹೋಗ್ತೀರಲ್ಲ, ಅದರ ಬೇರು ಕುಂದಗೋಳದಲ್ಲಿದೆ. ಎರಡು ಪದ್ಧತಿಗಳ ನಡುವೆ ಗಟ್ಟಿ ಗೆರೆ ಇದ್ದಿದ್ದರೆ ಇದು ಆಗ್ತಿರಲಿಲ್ಲ.

ಚೆನ್ನೈನವರಿಗೆ ತಮಿಳಿನ ಐದು ತಿಣೈಗಳ ವಿಚಾರ ಕಿವಿಗೆ ಬಿದ್ದಿರತ್ತೆ. ಸಂಗಂ ಕಾವ್ಯದಲ್ಲಿ ಕುರಿಂಜಿ ಬೆಟ್ಟ, ಮುಲ್ಲೈ ಕಾಡು, ಮರುದಂ ಗದ್ದೆ, ನೆಯ್ದಲ್ ಕಡಲತೀರ. ಐದನೆಯದು ಪಾಲೈ, ಬರಡು ನೆಲ. ಪಾಲೈ ಅನ್ನೋದು ಬೇರೆ ನೆಲವೇ ಅಲ್ಲ, ಬೆಟ್ಟ ಕಾಡುಗಳು ಬಿಸಿಲಿಗೆ ಒಣಗಿದಾಗ ಪಾಲೈ ಆಗ್ತವೆ ಅಂತ ಶಿಲಪ್ಪದಿಕಾರಂ ಹೇಳತ್ತೆ. ವಲಯ ಒಣಗಲೂಬಹುದು ಅಂತಾಯ್ತು.

ಕಲಿಕೆಯಲ್ಲಿ

ಈಗ ಮುಖ್ಯ ವಿಷಯಕ್ಕೆ ಬಂದೆವು. ಲೆವ್ ವಿಗೋಟ್‌ಸ್ಕಿ ಸೋವಿಯತ್ ದೇಶದ ಮನಶ್ಶಾಸ್ತ್ರಜ್ಞ. ಹುಟ್ಟಿದ್ದು 1896, ಕ್ಷಯರೋಗದಿಂದ ತೀರಿಕೊಂಡಿದ್ದು 1934. ಅವನು ಕೊಟ್ಟ ಉದಾಹರಣೆ ಹೀಗಿದೆ. ಇಬ್ಬರು ಮಕ್ಕಳು. ಪರೀಕ್ಷೆ ಮಾಡಿದರೆ ಇಬ್ಬರದೂ ಎಂಟು ವರ್ಷದವರ ಮಟ್ಟ. ಆದರೆ ಒಂದು ಸುಳಿವು, ಒಂದು ಪ್ರಶ್ನೆ, ಇಷ್ಟು ಸಹಾಯ ಕೊಟ್ಟರೆ ಒಂದು ಮಗು ಹನ್ನೆರಡು ವರ್ಷದವರ ಲೆಕ್ಕದವರೆಗೂ ಹೋಗತ್ತೆ, ಇನ್ನೊಂದು ಒಂಬತ್ತಕ್ಕೆ ನಿಲ್ಲತ್ತೆ. ಹಾಗಾದರೆ ಇಬ್ಬರೂ ಒಂದೇನಾ? ಅಲ್ಲ. ತಾನೇ ಮಾಡಬಲ್ಲದ್ದಕ್ಕೂ ಸಹಾಯ ಸಿಕ್ಕರೆ ಮಾಡಬಲ್ಲದ್ದಕ್ಕೂ ನಡುವಿನ ಜಾಗವೇ ಸಮೀಪದ ಬೆಳವಣಿಗೆಯ ವಲಯ. ಕಲಿಕೆ ನಡೆಯೋದು ಅಲ್ಲಿ.

1976ರಲ್ಲಿ ವುಡ್, ಬ್ರೂನರ್, ರಾಸ್ ಅನ್ನೋ ಮೂವರು ಇಂಥ ಸಹಾಯವನ್ನು ಕಟ್ಟಡದ ಸುತ್ತ ನಿಲ್ಲಿಸೋ ಸಾರುವೆ ಮರಗಳಿಗೆ ಹೋಲಿಸಿದರು. ಮೂರರಿಂದ ಐದು ವರ್ಷದ ಮಕ್ಕಳು 21 ಮರದ ತುಂಡು ಜೋಡಿಸಿ ಪಿರಮಿಡ್ ಕಟ್ಟೋವಾಗ ದೊಡ್ಡವರು ಹೇಗೆ ನೆರವಾಗ್ತಾರೆ ಅಂತ ಅವರು ನೋಡಿದ್ದರು. ಗೋಡೆ ಏಳೋವರೆಗೆ ಸಾರುವೆ ಬೇಕು, ಎದ್ದ ಮೇಲೆ ಬಿಚ್ಚಬೇಕು. ಮಗು ಎಡವಿದರೆ ಸಹಾಯ ಸ್ವಲ್ಪ ಹೆಚ್ಚಲಿ, ಗೆದ್ದರೆ ಸ್ವಲ್ಪ ಕಡಿಮೆಯಾಗಲಿ.

ನಮ್ಮ ಮನೆಗಳಲ್ಲಿ

"ನನ್ನ ಮಗಳಿಗೆ ಕನ್ನಡ ಬರಲ್ಲ" ಅಂತ ನಾವು ಹೇಳೋದು ಗೆರೆಯ ಮಾತು. ಕೇಳಿ ಅರ್ಥ ಮಾಡಿಕೊಳ್ಳೋ ಮಗು ಆಗಲೇ ವಲಯದೊಳಗಿದೆ. ಅಲ್ಲಿ ನಾವು ಮಾಡೋದೇನು? ಕೆಲವರು ಪ್ರತಿ ಬೇಸಿಗೆ ರಜೆಯಲ್ಲೂ ಅದೇ ಅ ಆ ಇ ಈ ತಿದ್ದಿಸ್ತಾರೆ, ಮಗುವಿಗೆ ಬೇಜಾರು. ಕೆಲವರು ನೆಂಟರ ಮುಂದೆ ನಿಲ್ಲಿಸಿ "ಪೇಪರ್ ಓದು ನೋಡೋಣ" ಅಂತಾರೆ, ಮಗುವಿಗೆ ಅವಮಾನ. ಮೊದಲನೆಯದು ವಲಯದ ಕೆಳಗೆ, ಎರಡನೆಯದು ಮೇಲೆ.

ನಡುವಿನ ದಾರಿ ಸಣ್ಣದು. ಮಗು "ವಾಟರ್ ಬೇಕು" ಅಂದರೆ ತಿದ್ದಬೇಡಿ. "ನೀರಾ? ತಣ್ಣೀರು ಬೇಕಾ, ಬಿಸಿನೀರು ಬೇಕಾ?" ಅಂತ ಕೇಳಿ. ಉತ್ತರದ ಪದ ನಿಮ್ಮ ಪ್ರಶ್ನೆಯಲ್ಲೇ ಇದೆ, ಆರಿಸಿಕೊಳ್ಳೋ ಕೆಲಸ ಮಗುವಿನದು. ಅಜ್ಜಿಗೆ ಫೋನ್ ಮಾಡೋ ಮುಂಚೆ ಒಂದೇ ಒಂದು ಪ್ರಶ್ನೆ ಅಭ್ಯಾಸ ಮಾಡಿಸಿ: "ಅಜ್ಜಿ, ಇವತ್ತು ಏನಡುಗೆ?" ಮುಂದಿನ ವಾರ ಎರಡು ಪ್ರಶ್ನೆ. ಆಮೇಲೆ ನೀವು ಪಕ್ಕದ ಕೋಣೆಗೆ ಹೋಗಿ. ಸಾರುವೆ ಬಿಚ್ಚೋದು ಅಂದರೆ ಅದೇ.

ಓದಿಸೋವಾಗ ನಿಮ್ಮ ಊರು ಯಾವುದು ಅನ್ನೋದೂ ಮುಖ್ಯ. ಹೈದರಾಬಾದಿನಲ್ಲಿ ಶಾಲೆಯಲ್ಲಿ ತೆಲುಗು ಕಲಿತ ಮಗುವಿಗೆ ಕನ್ನಡದ ಬಹಳಷ್ಟು ಅಕ್ಷರ ನೋಡಿದ ತಕ್ಷಣ ಗುರುತು ಸಿಗತ್ತೆ. ತಲೆಕಟ್ಟು ಮತ್ತು ಬೇರೆಯಾಗಿ ಬರೆಯೋ ಕೆಲವು ಅಕ್ಷರಗಳಿಗಷ್ಟೇ ಸಹಾಯ ಸಾಕು. ಪುಣೆ, ಮುಂಬೈ ಮಗುವಿಗೆ ಮರಾಠಿಯಿಂದ ಕ ಖ ಗ ಘ ಕ್ರಮವೂ ಗೊತ್ತು, ಳ ಕೂಡ ಗೊತ್ತು. ದೆಹಲಿಯ ಮಗುವಿಗೆ ಕ್ರಮ ಗೊತ್ತು, ಆದರೆ ಹಿಂದಿಯಲ್ಲಿ ಳ ಇಲ್ಲ, ಹಾಗಾಗಿ ಬಾಳೆಹಣ್ಣು ಬಾಲೆಹಣ್ಣು ಆಗತ್ತೆ. ದೇವನಾಗರಿ ಕಲಿತ ಈ ಮಕ್ಕಳಿಗೆಲ್ಲ ಎ ಏ, ಒ ಓ ವ್ಯತ್ಯಾಸ ಹೊಸದು. ಬೆಳೆ ಮತ್ತು ಬೇಳೆ, ಕೊಡು ಮತ್ತು ಕೋಡು ಇಟ್ಟುಕೊಂಡು ಆಟ ಆಡಿಸಿ. ಚೆನ್ನೈನ ಮಗುವಿಗೆ ತಮಿಳಿನಿಂದ ಎ ಏ ಗೊತ್ತು, ಳ ಗೊತ್ತು, ಆದರೆ ಕ ಖ ಗ ಘ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರ. ಸಹಾಯ ಬೇಕಾಗಿರೋದು ಅಲ್ಲಿ.

ನೋಡಿ, ಸುತ್ತಲಿನ ಭಾಷೆ ಕನ್ನಡದ ಶತ್ರು ಅಲ್ಲ, ಎಷ್ಟೋ ಕಡೆ ಅದೇ ಸಾರುವೆ. ಆದರೆ ಮನೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಮಾತ್ರ ಸಾಲದು. ಚಂದ್ರನ ಮಾತು ನೆನಪಿದೆಯಲ್ಲ? ಮಗು ಬಾಯಿಬಿಟ್ಟಾಗ ನಗದೆ, ಅವಸರ ಮಾಡದೆ ಕಾಯೋ ವಾತಾವರಣ ಬೇಕು. ಅದಿಲ್ಲದೆ ಹೋದರೆ ಅರ್ಥ ಆಗ್ತಿದ್ದ ಕನ್ನಡವೂ ನಿಧಾನಕ್ಕೆ ಒಣಗತ್ತೆ, ಅಜ್ಜಿ ಮೊಮ್ಮಗಳ ಫೋನು "ಹೂಂ, ಚೆನ್ನಾಗಿದೀನಿ"ಗೆ ಮುಗಿಯತ್ತೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮಗು ತಾನೇ ಹೇಳಬಲ್ಲ ಒಂದು ವಾಕ್ಯ, ನೀವು ಸುಳಿವು ಕೊಟ್ಟರೆ ಹೇಳಬಲ್ಲ ಒಂದು ವಾಕ್ಯ, ಎರಡನ್ನೂ ಬರೆದಿಡಿ. ಅವೆರಡರ ನಡುವೆ ಇರೋದೇ ನಿಮ್ಮ ಮನೆಯ ವಲಯ. ಒಂದು ತಿಂಗಳ ಮೇಲೆ ಮತ್ತೆ ನೋಡಿ.