ಪಾದದ ಕೀಲು ಚೂರಾದಾಗ: ಎಲ್ಲಿ ಕೊಯ್ಯಬೇಕು, ಯಾವಾಗ ಕೊಯ್ಯಬೇಕು?

ಈ ವಾರದ ಸಂಚಿಕೆ ನಮ್ಮ ಮನೆಯಿಂದಲೇ ಶುರು.

ಲೋಂಡಾದಲ್ಲಿ ನಮ್ಮ ಅಕ್ಕನ ಮನೆ. ಹಂಚಿನ ಮನೆ. ಖಾನಾಪುರ ತಾಲೂಕಿನ ಮಳೆ ಗೊತ್ತಲ್ಲ, ಮೇ ಮುಗಿಯೋದರೊಳಗೆ ಒಡೆದ ಹಂಚು ಬದಲಿಸಲೇಬೇಕು. ಮಾವ ಹತ್ತಿದ್ರು, ಜಾರಿದ್ರು, ಬಲಗಾಲಿನ ಮೇಲೆ ನೆಟ್ಟಗೆ ನೆಲಕ್ಕೆ ಬಂದ್ರು. ಬೆಳಗಾವಿ ಮುಟ್ಟುವಷ್ಟರಲ್ಲಿ ಕಾಲು ಊದಿ ಹೊಳೀತಿತ್ತು. ಡಾಕ್ಟರು ಆ ರಾತ್ರಿ ಕಾಲಿನ ಹೊರಗೆ ಕಂಬಿ ಕೂಡಿಸಿ, "ದೊಡ್ಡ ಆಪರೇಷನ್ ಹತ್ತು-ಹನ್ನೆರಡು ದಿನ ಬಿಟ್ಟು" ಅಂದರು. ಅಕ್ಕನಿಗೆ ಸಿಟ್ಟು. "ಸುಮ್ನ ಮಲಗಿಸಿ ಬಿಲ್ ಏರಸ್ತಾರೇನೋ ತಮ್ಮಾ? ಎಲುಬು ಕಟ್ಟಾವ್ರ ಕಡೆ ಕರ್ಕೊಂಡು ಹೋಗೂಣು." ಸುಳ್ಳು ಯಾಕೆ ಹೇಳ್ಲಿ, ನನಗೂ ಅದೇ ಅನುಮಾನ ಇತ್ತು. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದು ಇದು.

ನಡೆಯುವಾಗ ಕಾಲು ಹೊರಳಿ ಆಗುವ ಮುರಿತವೇ ಬೇರೆ, ಇದೇ ಬೇರೆ. ಎತ್ತರದಿಂದ ಬಿದ್ದಾಗ ಪಾದದ ಟೇಲಸ್ ಮೂಳೆ ಮೇಲಕ್ಕೆ ನುಗ್ಗಿ, ಮೊಣಕಾಲಿನ ಕೆಳಗಿನ ದಪ್ಪ ಮೂಳೆ ಟಿಬಿಯಾದ ತಳಕ್ಕೆ ಗುದ್ದುತ್ತೆ. ಕೀಲಿನ ನುಣುಪಾದ ಮೈಯೇ ಚೂರಾಗುತ್ತೆ. ಫ್ರಾನ್ಸಿನ ಡಾಕ್ಟರ್ ಎಟಿಯೆನ್ ಡೆಸ್ಟೋ 1911ರಲ್ಲಿ ಇದನ್ನು 'ಪಿಲಾನ್' ಅಂತ ಕರೆದರು. ಅವರ ಭಾಷೆಯಲ್ಲಿ ಕುಟ್ಟುವ ಸಾಧನ, ನಮ್ಮ ಒನಕೆ ಅನ್ನಿ.

1969ರಲ್ಲಿ ಸ್ವಿಟ್ಜರ್ಲೆಂಡಿನ ರೂಡಿ ಮತ್ತು ಆಲ್ಗೋವರ್, ಕೀಲು ತೆರೆದು ಚೂರುಗಳನ್ನು ಜೋಡಿಸಿ ಪ್ಲೇಟ್ ಹಾಕಿದರೆ ಕಾಲು ಚೆನ್ನಾಗಿ ಕೂಡುತ್ತೆ ಅಂತ ತೋರಿಸಿದರು. ಆದರೆ ಅವರ ರೋಗಿಗಳಲ್ಲಿ ಹಿಮದ ಮೇಲೆ ಸ್ಕೀ ಆಡುವಾಗ ಬಿದ್ದವರು ಬಹಳ. ಅದೇ ಪದ್ಧತಿಯನ್ನು ವಾಹನ ಅಪಘಾತದವರಿಗೆ, ಎತ್ತರದಿಂದ ಬಿದ್ದವರಿಗೆ ಅವಸರದಲ್ಲಿ ಮಾಡಿದಾಗ ಹೊಲಿಗೆ ಬಿಚ್ಚಿತು, ಕೀವಾಯಿತು, ಕೆಲವರು ಕಾಲನ್ನೇ ಕಳಕೊಂಡರು. ಕಾರಣ ಚರ್ಮ. ಅಲ್ಲಿ ನೀವೇ ಮುಟ್ಟಿ ನೋಡಿ, ಮೂಳೆಯ ಮೇಲೆ ಮಾಂಸವೇ ಇಲ್ಲ. ಊದಿದ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯಲ್ಲ.

1999ರಲ್ಲಿ ಅಮೆರಿಕದ ಎರಡು ತಂಡಗಳು ಎರಡು ಹಂತದ ದಾರಿಯ ಫಲಿತಾಂಶ ಪ್ರಕಟಿಸಿದವು. ಮೊದಲು ಹೊರಗಿನ ಕಂಬಿಯಿಂದ ಕಾಲನ್ನು ಅದರ ಉದ್ದಕ್ಕೆ ಎಳೆದು ಹಿಡಿಯೋದು, ಆಮೇಲೆ ಸಿಟಿ ಸ್ಕ್ಯಾನ್. ಚರ್ಮದ ಮೇಲೆ ಮತ್ತೆ ಸುಕ್ಕು ಕಾಣೋವರೆಗೆ ಕಾಯೋದು. ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವಾರ. ಅಕ್ಕನಿಗೆ ನಾನು ತೋರಿಸಿದ್ದೂ ಅದನ್ನೇ: "ಸುಕ್ಕು ಬಂದ್ರ ಆಪರೇಷನ್."

ಕಾಯಬಾರದ ಸಂದರ್ಭಗಳೂ ಇವೆ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ಬೆರಳು ತಣ್ಣಗಾಗಿ ಜೋಮು ಹಿಡಿದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಹೋದರೆ ಅದೇ ರಾತ್ರಿ ಥಿಯೇಟರಿಗೆ. ಇಂಥ ಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿದರೆ ರಕ್ತ ಓಡಾಟವೇ ನಿಂತೀತು. ಎಲುಬು ಕಟ್ಟುವವರ ಬಗ್ಗೆ ನನಗಿರೋ ಹೆದರಿಕೆ ಅದೇ.

ಈಗ ಕೊಯ್ಯೋದು ಎಲ್ಲಿ ಅನ್ನೋ ಪ್ರಶ್ನೆ. ಮುಂದೆ ಒಳಬದಿಯಿಂದ ಹೋದರೆ ಕೀಲಿನ ಮುಂಭಾಗ, ಒಳಗಣ್ಣು ಎರಡೂ ಕಾಣುತ್ತವೆ, ಆದರೆ ಚರ್ಮ ಅತಿ ತೆಳುವಾಗಿರೋದು ಅಲ್ಲೇ. ಮುಂದೆ ಹೊರಬದಿಯಲ್ಲಿ ಪ್ಲೇಟಿನ ಮೇಲೆ ಸ್ವಲ್ಪ ಮಾಂಸದ ಹೊದಿಕೆ ಸಿಗುತ್ತೆ, ಒಳಗಣ್ಣಿನ ಕಡೆ ಕೈ ಎಟುಕಲ್ಲ. ದಾರಿಯಲ್ಲಿ ಒಂದು ನರ ಅಡ್ಡ ಬರುತ್ತೆ, ಅದಕ್ಕೆ ಪೆಟ್ಟಾದರೆ ಪಾದದ ಮೇಲ್ಭಾಗ ಮರಗಟ್ಟುತ್ತೆ. ಹಿಂದಿನ ಹೊರಬದಿಯಿಂದ ಹೋದರೆ ಹಿಂದಿನ ಚೂರು, ಪಕ್ಕದ ಫಿಬುಲಾ ಎರಡನ್ನೂ ಒಂದೇ ಗಾಯದಲ್ಲಿ ಹಿಡಿಯಬಹುದು, ಕೀಲಿನ ಒಳಮೈ ಮಾತ್ರ ಸರಿಯಾಗಿ ಕಾಣಲ್ಲ. ಹಾಗಾಗಿ ಕೆಲವೊಮ್ಮೆ ಎರಡು ಕಡೆ ಕೊಯ್ಯುತ್ತಾರೆ. ಚರ್ಮ ಪೂರ್ತಿ ಹಾಳಾಗಿದ್ದರೆ ಇಲಿಜರೋವ್ ಬಳೆ, ಸಣ್ಣ ಗಾಯಗಳಿಂದ ಒಂದೆರಡು ಸ್ಕ್ರೂ. ಬಳೆ ತಿಂಗಳುಗಟ್ಟಲೆ ಇರುತ್ತೆ, ತಂತಿ ಚುಚ್ಚಿದ ಜಾಗ ದಿನಾ ಸ್ವಚ್ಛ ಮಾಡಬೇಕು.

ಇದರಲ್ಲಿ ಯಾವುದು ಮೇಲು ಅಂತ ಕೇಳೋದು ತಪ್ಪು ಪ್ರಶ್ನೆ ಅಂತ ನನಗನ್ನಿಸುತ್ತೆ. ದೊಡ್ಡ ಚೂರು ಎಲ್ಲಿದೆ, ಚರ್ಮ ಎಲ್ಲಿ ಚೆನ್ನಾಗಿದೆ, ಸ್ಕ್ಯಾನ್ ತೋರಿಸಿ ಹೇಳಿ ಅಂತ ಡಾಕ್ಟರನ್ನ ಕೇಳಿ. ಸಕ್ಕರೆ ಕಾಯಿಲೆ, ಬೀಡಿ, ತಂಬಾಕು ಇದ್ದರೆ ಮುಚ್ಚದೆ ಹೇಳಿ, ಗಾಯ ಮಾಯೋದು ಅದರ ಮೇಲೂ ನಿಂತಿದೆ.

ಮಾವನದು ಹೊರಬದಿಯ ದೊಡ್ಡ ಚೂರು. ಹನ್ನೊಂದನೇ ದಿನ ಸುಕ್ಕು ಬಂತು, ಮುಂದೆ ಹೊರಬದಿಯಿಂದ ಮಾಡಿದರು. ಮೂರು ತಿಂಗಳು ನೆಲಕ್ಕೆ ಭಾರ ಊರಬಾರದು, ಮುಂದೆ ಕೀಲು ಸವೆದು ನೋವು ಬರಬಹುದು ಅಂತಲೂ ಹೇಳಿದ್ದಾರೆ. ಬೀಡಿ ಬಿಟ್ಟಿದ್ದಾರೆ, ಅಂದರೆ ಅಕ್ಕ ಎದುರಿಗಿದ್ದಾಗ ಬಿಟ್ಟಿದ್ದಾರೆ. ಉಳಿದ ಹಂಚು ನಾನೇ ಬದಲಿಸಿದೆ, ಏಣಿ ಹಿಡಿಯೋಕೆ ಇಬ್ಬರನ್ನ ನಿಲ್ಲಿಸಿಕೊಂಡು.