ನಿಮಗಿದು ಗೊತ್ತೆ? ಹುಳು ಲೋಹವನ್ನೂ ಹಿಕ್ಕೆ ಹಾಕುತ್ತದೆ!

ಚಿಕ್ಕನಾಯಕನಹಳ್ಳಿ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗೂ ಅದಿರು ಲಾರಿಗಳ ಕೆಂಧೂಳು ರಸ್ತೆಬದಿಯ ತೆಂಗಿನ ಗರಿಗಳ ಮೇಲೆ ಕೂರುತ್ತಿತ್ತು. ಲೋಹ ಸೇರಿದ ಎಲೆ ತಿಂದ ಹುಳುವಿನ ಗತಿ?

ಕ್ಯಾಡ್ಮಿಯಂ, ಸೀಸ, ನಿಕ್ಕಲ್ ಮಿತಿಮೀರಿದರೆ ಮರಿಹುಳುವಿನ ಬೆಳವಣಿಗೆ ಕುಂಠಿತ, ಮುಂದೆ ಇಡುವ ಮೊಟ್ಟೆಯೂ ಕಡಿಮೆ. ಆದರೆ ಅದು ಸುಮ್ಮನೆ ಸಾಯುವ ಗಿರಾಕಿಯಲ್ಲ. ಕರುಳಿನ ಜೀವಕೋಶಗಳಲ್ಲಿರುವ ಪ್ರೋಟೀನು ಲೋಹವನ್ನು ಹಿಡಿದಿಡುತ್ತದೆ. ಸಾಕಷ್ಟು ಪಾಲು ಹಿಕ್ಕೆಯಲ್ಲಿ, ಒಂದಿಷ್ಟು ಕಳಚಿದ ಪೊರೆಯಲ್ಲಿ ಆಚೆ ಹೋಗುತ್ತದೆ. ರಸ ಹೀರುವ ಸಸ್ಯಹೇನು ಇಷ್ಟು ಅಚ್ಚುಕಟ್ಟಲ್ಲ: ಅದರ ಮೈಯಲ್ಲುಳಿದ ಕ್ಯಾಡ್ಮಿಯಂ ಅದನ್ನು ತಿಂದ ಗುಲಗಂಜಿ ಹುಳುವಿಗೂ ದಾಟುತ್ತದೆ. ಕೆಲವು ಗಿಡಗಳಂತೂ ಎಲೆಯಲ್ಲಿ ನಿಕ್ಕಲ್ ತುಂಬಿಕೊಂಡು ಹುಳುಗಳನ್ನು ದೂರವಿಡುತ್ತವೆ. ತೆಂಗಿಗೆ ಆ ವಿದ್ಯೆ ಇಲ್ಲ.

ತಿಪಟೂರು, ತುರುವೇಕೆರೆಯ ಬೆಳೆಗಾರರನ್ನು ಕಾಡುವ ಕಪ್ಪುತಲೆ ಹುಳು ಗರಿಯ ಅಡಿಯಲ್ಲಿ ನೂಲು, ಹಿಕ್ಕೆ ಸೇರಿಸಿ ಗೂಡು ಹೆಣೆದು, ಒಳಗೇ ಕೂತು ಹಸಿರು ಕೆರೆದು ತಿನ್ನುತ್ತದೆ. ಮೇಲಿನ ಧೂಳು ಅದಕ್ಕೆ ತಾಗುವುದು ಕಡಿಮೆ. ಧೂಳಿನಿಂದ ಹೆಚ್ಚು ಕಷ್ಟ ಹುಳುಗಳನ್ನು ಕೊಲ್ಲುವ ಪುಟ್ಟ ಕಣಜಗಳಿಗೆ. ಮೈ ಒರೆಸಿಕೊಳ್ಳುವುದರಲ್ಲೇ ಅವುಗಳ ಹೊತ್ತು ಹೋಗುತ್ತದೆ. ಕಪ್ಪುತಲೆ ಹುಳುವಿನ ಹತೋಟಿಗೆಂದು ತೋಟಗಳಿಗೆ ಬಿಡುವ ಗೋನಿಯೋಜಸ್ ಕೂಡ ಅಂಥದೇ ಒಂದು ಕಣಜ.